ಮೂಸಿ ನೋಡದ ಬಾಟಲಿ

ಔರಾದ,
10 ಮೇ 2024

ಪ್ರೀತಿಯ ಅಣ್ಣಾ,

ಕರ್ತನ ಕೃಪೆ ನಿನ್ನ ಮೇಲಿರಲಿ. ಆರಾಮ ಇದ್ದೀಯಾ? ಲಾತೂರಿನ ಬಿಸಿಲಿಗೆ ಮೂಗಿನಿಂದ ರಕ್ತ ಬರುವುದು ನಿಂತಿದೆಯೇ? ಮಮ್ಮಿ ಕೇಳು ಎಂದಳು. ನಮ್ಮ ಫೋನ್ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಪಪ್ಪಾ ಮಂಗಳವಾರ ಬೀದರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬುಧವಾರ ಮಣ್ಣು ಮಾಡಿದೆವು. ನನಗೆ ಇನ್ನೂ ಅಳು ಬಂದಿಲ್ಲ. ಬಂದವರಿಗೆಲ್ಲ ಚಹಾ ಮಾಡಿದೆ, ಕಪ್-ಬಸಿ ತೊಳೆದೆ, ಮತ್ತೆ ಮಾಡಿದೆ.

ಲಿವರ್ ಕೆಟ್ಟಿತ್ತು ಎಂದೊಡನೆ ಜನ ಮುಖ ಮುಖ ನೋಡಿಕೊಂಡರು. ನಮ್ಮ ಕಡೆ ಲಿವರ್ ಎಂದರೆ ದಾರು ಕುಡಿದದ್ದೇ, ಮುಗಿಯಿತು. ಡಾಕ್ಟರ್ ನಜಮೋದ್ದೀನ ಮಾತ್ರ ಮಮ್ಮಿಯನ್ನು ಕೂರಿಸಿ, “ಕುಡಿಲಾರದವರಿಗೂ ಆಗ್ತದರಿ ಅಮ್ಮಾ. ಸಿಹಿ ಹೆಚ್ಚಾದ್ರ ಲಿವರೇ ಕುಂತು ಚರಬಿ ಮಾಡ್ತದ” ಎಂದರು. ಸಕ್ಕರೆ ಕೊಬ್ಬಾಗುವ ಇದನ್ನೇ ನಾನು ಭಾಲ್ಕಿಯ ಕಾಲೇಜಿನಲ್ಲಿ ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಹೆಚ್ಚಾದ ಸಕ್ಕರೆಯನ್ನು ಜೀವಕೋಶ ಎರಡೆರಡು ಕಾರ್ಬನ್ನಿನ ತುಣುಕು ಮಾಡಿ, ಹೂ ಪೋಣಿಸಿದ ಹಾಗೆ ಒಂದರ ಹಿಂದೊಂದು ಸೇರಿಸುತ್ತದೆ. ಹದಿನಾರು ಕಾರ್ಬನ್ ಆದರೆ ಒಂದು ಕೊಬ್ಬಿನಾಮ್ಲ. ಎಣ್ಣೆಯ ಹನಿಯೂ ಬೇಕಿಲ್ಲ. ಮಮ್ಮಿ ಪಾಪ, ಇದು ತಿಳಿಯುವ ಮೊದಲು ಚರಬಿ ಎಂದರೆ ಎಣ್ಣೆ ಎಂದುಕೊಂಡು ಪಪ್ಪಾನ ಪಲ್ಯಕ್ಕೆ ಎಣ್ಣೆ ಹಾಕುವುದನ್ನೇ ಬಿಟ್ಟಳು, ಬಾಯಿ ಸಪ್ಪಗಾಗಬಾರದೆಂದು ಚಹಾಕ್ಕೆ ಬೆಲ್ಲ ಹೆಚ್ಚು ಹಾಕಿದಳು.

ಚರ್ಚಿನ ಹಿಂದಿನ ಕೋಣೆಯಲ್ಲಿ ಪಪ್ಪಾ ಬ್ರಾಂದಿ ಬಾಟಲಿ ಎತ್ತಿ ಕುಡಿಯುವುದನ್ನು ಕಂಡು, “ಕುಡುಕನ ಮನಿಯಾಗ ಇರಂಗಿಲ್ಲ” ಎಂದು ಬ್ಯಾಗು ಎತ್ತಿಕೊಂಡು ಹೋದೆಯಲ್ಲ, ಅದು ಕರ್ತನ ಭೋಜನದ ಆರಾಧನೆಯಲ್ಲಿ ಸಭೆಗೆ ಕೊಟ್ಟು ಉಳಿದ ದ್ರಾಕ್ಷಿ ರಸ. ಪಾಸ್ಟರ್ ಆದ ಅವರೇ ಸಕ್ಕರೆ ಸುರಿದು ಕುದಿಸಿ, ಗುಜರಿಯಿಂದ ತಂದ ಖಾಲಿ ಬ್ರಾಂದಿ ಬಾಟಲಿ ತೊಳೆದು ತುಂಬುತ್ತಿದ್ದರು. ಪ್ರಾರ್ಥಿಸಿದ್ದನ್ನು ಚೆಲ್ಲಬಾರದೆಂದು ಉಳಿದದ್ದನ್ನು ತಾವೇ ಕುಡಿದು ಮುಗಿಸುತ್ತಿದ್ದರು. ನಾನು ಆಗಲೇ ಹೇಳಿದೆ, ನೀನು ನಂಬಲಿಲ್ಲ. ಅವನಿಗೆ ನೀವೇ ಹೇಳಿರಿ ಎಂದು ಪಪ್ಪಾನ ಜೊತೆ ಜಗಳಾಡಿದರೆ, “ಕಣ್ಣಿಲೆ ನೋಡಿ ಹೋದ. ಮೂಸಿ ನೋಡಲಿಲ್ಲಲ್ಲವ್ವಾ,” ಅಷ್ಟೇ. ನಿಮ್ಮಿಬ್ಬರ ಮೇಲೂ ನನಗೆ ಸಿಟ್ಟು ಬರಬೇಕು. ಏನೂ ಬರುತ್ತಿಲ್ಲ.

ಮಮ್ಮಿ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸಿಹಿ ಕಡಿಮೆ ಮಾಡು. ಇದು ಮನೆತನದಲ್ಲಿ ಬರುತ್ತದಂತೆ.

ನಿನ್ನ ತಂಗಿ,
ಎಲೀನಾ

ತಾ.ಕ.: ಆಸ್ಪತ್ರೆಗೆ ಹೋಗುವ ಮುಂಚೆ ಪಪ್ಪಾ ಕುದಿಸಿಟ್ಟ ಕೊನೆಯ ಬಾಟಲಿ ಚರ್ಚಿನಿಂದ ಮನೆಗೆ ಬಂದಿದೆ. ತಳದಲ್ಲಿ ಇನ್ನೂ ಒಂದೆರಡು ಗುಟುಕು ಇದೆ. ತೊಳೆದಿಲ್ಲ, ಯಾರಿಗೂ ಮುಟ್ಟಗೊಟ್ಟಿಲ್ಲ. ಆದರೆ ಅಣ್ಣಾ, ಈ ಬಿಸಿಲಿಗೆ ರಸ ಹುಳಿಯುತ್ತದೆ, ಅದೇ ಸಕ್ಕರೆ ದಾರು ಆಗುತ್ತದೆ. ಅದಕ್ಕೂ ಮೊದಲು ಬಂದು ಮೂಸಿ ನೋಡು.