ಹಸಿರು ಟೈಲ್ಸ್ ಮೇಲೆ ಎರಡು ಕೋಟ್ ಬಿಳಿ

ಬುಧವಾರ, ಮಧ್ಯಾಹ್ನ
ಆಸ್ಪತ್ರೆಯಿಂದ

ಪ್ರೀತಿಯ ಗುಬ್ಬಿ,

ಅಪ್ಪನ ಸೊಂಟದ ಆಪರೇಷನ್ ನಿನ್ನೆ ಬೆಳಿಗ್ಗೆ ಆಯಿತು. ಎಡಗಡೆಯ ಮೂಳೆಗೆ ಪ್ಲೇಟು ಕೂರಿಸಿದ್ದಾರೆ. ರಕ್ತ ಕೊಡಬೇಕಾಗಿ ಬರಲಿಲ್ಲ. ಇಷ್ಟನ್ನು ಮೂಳೆ ಡಾಕ್ಟರು ಹೊರಗೆ ಬಂದು ನಿಂತುಕೊಂಡೇ ಹೇಳಿದರು. ಹೋಗುವ ಮುಂಚೆ ನಮ್ಮ ಮನೆ ಎಷ್ಟನೇ ಮಹಡಿ ಎಂದು ಕೇಳಿದರು. ಮೂರನೆಯದು, ಲಿಫ್ಟ್ ಇಲ್ಲ ಎಂದೆ. ಹಾಗಾದರೆ ಇವರನ್ನು ಇನ್ನು ಆ ಮನೆಗೆ ಕರೆದುಕೊಂಡು ಹೋಗುವ ಆಸೆ ಇಟ್ಟುಕೊಳ್ಳಬೇಡಿ, ಬೇರೆ ಏನಾದರೂ ಯೋಚನೆ ಮಾಡಿ ಎಂದರು.

ಫೋನಿನಲ್ಲಿ ನಿನಗೆ ಹೇಳಿದ್ದು ಅರ್ಧ ಮಾತ್ರ. ಉಳಿದದ್ದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅಳಲು ಶುರು ಮಾಡುತ್ತೀಯ, ನಿನ್ನನ್ನು ಸಮಾಧಾನ ಮಾಡುವ ಅವಸರದಲ್ಲಿ ನಾನು ಸುಳ್ಳು ಹೇಳುತ್ತೇನೆ. ಸೋಮವಾರ ಆದದ್ದೂ ಅದೇ. ಮೆಟ್ಟಿಲು ಒದ್ದೆಯಾಗಿತ್ತು, ಅಪ್ಪ ಜಾರಿದರು ಎಂದೆ. ಮೆಟ್ಟಿಲು ಒಣಗಿಯೇ ಇತ್ತು. ಒದ್ದೆಯಾದದ್ದು ಅವರು ಬಿದ್ದ ಮೇಲೆ.

ನೋಡಿದವರು ಎದುರು ಮನೆಯ ಟೈಲರಮ್ಮ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಬೆಳಿಗ್ಗೆ ಹತ್ತೂವರೆ ಆಗಿತ್ತು. ನಾನು ಲ್ಯಾಬಿಗೆ ಕೆಲಸಕ್ಕೆ ಹೋಗಿ ಎರಡು ಗಂಟೆಯಾಗಿತ್ತು. ಅಪ್ಪ ಪ್ಯಾಂಟು ಶರ್ಟು ಹಾಕಿಕೊಂಡು ಬಾಗಿಲು ತೆಗೆದು ಹೊರಗೆ ಬಂದರು. ಎಲ್ಲಿಗೆ ಯಜಮಾನ್ರೇ ಎಂದು ಟೈಲರಮ್ಮ ಮಿಷನ್ ನಿಲ್ಲಿಸಿ ಕೇಳಿದರಂತೆ. "ಇಲ್ಲೇ ಕೆಳಗೆ ಹೋಗಿ ಬಂದ್ಬಿಡ್ತೀನಮ್ಮ. ಓನರಮ್ಮ ಮನೇಲಿಲ್ಲ. ಬಂದು ಕೇಳಿದ್ರೆ ಕೆಲಸ ಬಿಟ್ಟು ಓಡಿಹೋದ ಅನ್ಬೇಡಿ, ಐದೇ ನಿಮಿಷ ಅಂತ ಹೇಳಿ" ಎಂದು ಹೇಳಿ ಮೆಟ್ಟಿಲ ಕಡೆ ನಡೆದರು. ಟೈಲರಮ್ಮ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಸದ್ದು ಕೇಳಿಸಿತು.

ಓನರಮ್ಮ ಎಂದರೆ ನಾನು.

ಇದು ನಿನಗೆ ಅರ್ಥವಾಗಬೇಕಾದರೆ ಬಾತ್‌ರೂಮಿನ ವಿಷಯ ಹೇಳಬೇಕು. ಹೊಸದಾಗಿ ಬಣ್ಣ ಬಳಿದು ನಾನು ಕಳಿಸಿದ ಫೋಟೋ ನೋಡಿ ನೀನು, ಹೋಟೆಲ್ ಥರ ಇದೆ ಕಣೇ ಅಕ್ಕ ಎಂದು ಬರೆದಿದ್ದೆ. ಆ ಮೆಸೇಜನ್ನು ನಾನು ನಾಲ್ಕು ಸಲ ಓದಿಕೊಂಡೆ. ಕಳೆದ ವರ್ಷ ಮಗುವನ್ನು ಎತ್ತಿಕೊಂಡು ಬಂದಿದ್ದಾಗ ನೀನು ಬಾಗಿಲಲ್ಲೇ ನಿಂತು, ಪಾಚಿ ಕಟ್ಟಿದ ತೊಟ್ಟಿ ಥರ ಇದೆ, ಇದರೊಳಗೆ ಮಗೂಗೆ ಹೇಗೆ ಸ್ನಾನ ಮಾಡಿಸ್ಲಿ ಎಂದಿದ್ದೆ. ಎರಡು ದಿನ ಇರಲು ಬಂದವಳು ಸಂಜೆಯೇ ಹೊರಟೆ. ಆಮೇಲೆ ಬರಲಿಲ್ಲ. ನೀನು ಹೇಳಿದ್ದು ತಪ್ಪೇನಲ್ಲ. ಮೂವತ್ತೊಂದು ವರ್ಷದ ಟೈಲ್ಸ್. ತಾವು ಟೈಲ್ಸ್ ಕೂರಿಸಿದ ಮೂರು ಬೇರೆ ಬೇರೆ ಮನೆಗಳಲ್ಲಿ ಉಳಿದದ್ದನ್ನು ಅಪ್ಪ ಕೇಳಿ ತಂದಿದ್ದರು. ಮೂರೂ ಹಸಿರೇ, ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೆ ಕಡು ಹಸಿರನ್ನು ಕೆಳಗೆ, ನಡುವಿನದನ್ನು ಸೊಂಟದ ಎತ್ತರಕ್ಕೆ, ತಿಳಿ ಹಸಿರನ್ನು ಮೇಲೆ ಹಾಕಿ, ಬೇಕೆಂದೇ ಹಾಕಿದ ಹಾಗೆ ಕಾಣುವಂತೆ ಮಾಡಿದ್ದರು. ಊರವರ ಮನೆಗೆಲ್ಲ ಒಂದೇ ಬಣ್ಣ, ನಮ್ಮನೆಗೆ ಮಾತ್ರ ಮೂರು ಎಂದು ಅಮ್ಮ ಇರುವವರೆಗೂ ಗೊಣಗುತ್ತಿದ್ದಳು. ಮೂರು ಮನೆಯೋರು ಸೇರಿ ನಿಂಗೊಂದು ಬಾತ್‌ರೂಮ್ ಕಟ್ಟಿಸಿಕೊಟ್ಟಿದ್ದಾರೆ, ಸುಮ್ನೆ ಸ್ನಾನ ಮಾಡು ಎನ್ನುತ್ತಿದ್ದರು ಅಪ್ಪ.

ಬಣ್ಣ ಬಳಿಯಲು ಇನ್ನೊಂದು ಕಾರಣವೂ ಇತ್ತು, ಅದು ನನ್ನದೇ. ವರ್ಷದಿಂದೀಚೆಗೆ ಅಪ್ಪನಿಗೆ ಸ್ನಾನ ನಾನೇ ಮಾಡಿಸಬೇಕು. ಬೆಳಿಗ್ಗೆ ಒಂದು ಗಂಟೆ ಆ ಕೋಣೆಯಲ್ಲೇ ಕಳೆಯುತ್ತದೆ. ಸೋಪು ಎಂದರೆ ಏನು ಎಂದು ಅವರು ಕೇಳುವುದು, ನಾನು ಹೇಳುವುದು, ಎರಡು ಚೊಂಬು ಹಾಕುವಷ್ಟರಲ್ಲಿ ಮತ್ತೆ ಕೇಳುವುದು. ಸುತ್ತ ಆ ಹಸಿರು. ಆ ಒಂದು ಗಂಟೆ ಸ್ವಲ್ಪ ಬೆಳಕಾಗಿರಲಿ ಎನಿಸಿತು. ಬೇರೇನೂ ಬದಲಾಯಿಸಲು ನನ್ನ ಕೈಲಿ ಆಗುತ್ತಿರಲಿಲ್ಲ.

ಕಳೆದ ತಿಂಗಳು ಕಫ ಕಟ್ಟಿ ಅಪ್ಪ ಆರು ದಿನ ಇದೇ ಆಸ್ಪತ್ರೆಯಲ್ಲಿದ್ದರಲ್ಲ, ಆಗ ಮಾಡಿದ್ದು. ಹಗಲು ನಾನು ಮೇಲಿನ ಮಹಡಿಯ ಲ್ಯಾಬಿನಲ್ಲೇ ಇರುತ್ತೇನೆ, ಊಟದ ಹೊತ್ತಿಗೆ ಕೆಳಗಿಳಿದು ಅವರನ್ನು ನೋಡುತ್ತಿದ್ದೆ. ಆ ವಾರ್ಡಿನಲ್ಲಿ ಐದು ಗಂಟೆಯ ಮೇಲೆ ಜೊತೆಗಿರಲು ಬಿಡುವುದಿಲ್ಲ. ಮನೆಗೆ ಬಂದು ಕೆಲಸ ಹಿಡಿಯುತ್ತಿದ್ದೆ. ಅಪ್ಪನ ಟೈಲ್ಸ್ ಒಡೆಸುವುದಕ್ಕೆ ನನಗೆ ಮನಸ್ಸಿರಲಿಲ್ಲ. ಬಣ್ಣದ ಅಂಗಡಿಯವನು ಟೈಲ್ಸ್ ಮೇಲೇ ಬಳಿಯುವ ಬಣ್ಣವಿದೆ, ಎರಡು ಡಬ್ಬಿ ಬೆರೆಸಿ ಹಚ್ಚಬೇಕು, ಯಾರು ಬೇಕಾದರೂ ಹಚ್ಚಬಹುದು ಎಂದ. ಮೊದಲ ದಿನ ಸೋಪಿನ ಪುಡಿ ಹಾಕಿ ಉಜ್ಜಿ ಜಿಡ್ಡು ತೆಗೆದೆ. ಎರಡನೇ ದಿನ ಉಪ್ಪುಕಾಗದ ಹಿಡಿದು ಒಂದೊಂದೇ ಟೈಲಿನ ಹೊಳಪು ಕೆಡಿಸಿದೆ, ಹೊಳಪಿದ್ದರೆ ಬಣ್ಣ ಹಿಡಿಯುವುದಿಲ್ಲವಂತೆ. ಮೂರನೇ ದಿನ ಒಂದು ಕೋಟ್ ಬಿಳಿ, ನಾಲ್ಕನೇ ದಿನ ಇನ್ನೊಂದು. ಟೈಲ್ಸಿನ ಮೇಲಿನ ಗೋಡೆಗೆ ಬೂದು ಬಣ್ಣ ಬಳಿದು, ಒದ್ದೆ ಸ್ಪಂಜಿನಿಂದ ಅಲ್ಲಲ್ಲಿ ಬಿಳಿ ಒತ್ತಿದೆ. ಕಲ್ಲಿನ ಗೋಡೆಯ ಹಾಗೆ ಕಾಣುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ತೋರಿಸಿದ್ದರು. ಕನ್ನಡಿಯ ಪ್ಲಾಸ್ಟಿಕ್ ಕಪಾಟಿಗೆ ಕಪ್ಪು ಸ್ಪ್ರೇ ಹೊಡೆದೆ. ಬಣ್ಣ ಗಟ್ಟಿಯಾಗುವವರೆಗೆ ಎರಡು ದಿನ ನೀರು ತಾಗಿಸಬಾರದು ಎಂದಿದ್ದಕ್ಕೆ ನಾನು ಆಸ್ಪತ್ರೆಯಲ್ಲೇ ಸ್ನಾನ ಮಾಡಿಕೊಂಡೆ. ಗುಬ್ಬಿ, ಆ ಆರು ದಿನ ನಾನು ಖುಷಿಯಾಗಿದ್ದೆ. ಅದನ್ನೂ ಬರೆದುಬಿಡುತ್ತೇನೆ.

ಅಪ್ಪ ಮನೆಗೆ ಬಂದವರು ನೇರವಾಗಿ ಬಾತ್‌ರೂಮಿನ ಬಾಗಿಲಿಗೆ ಹೋಗಿ ನಿಂತರು. ಒಳಗೆ ಕೈ ಚಾಚಿ ಬೆರಳ ಗೆಣ್ಣಿನಿಂದ ಟೈಲ್ಸನ್ನು ಕೆಳಗಿನಿಂದ ಮೇಲಿನವರೆಗೆ ಬಡಿದು ನೋಡಿದರು. "ಕೂರಿಸಿದ್ದು ಚೆನ್ನಾಗಿದೆ. ಒಂದೂ ಟೊಳ್ಳಿಲ್ಲ. ಯಾರೋ ಕೆಲಸ ಬಲ್ಲೋನು" ಎಂದರು. ಆಮೇಲೆ ಸ್ಪಂಜಿನ ಗೋಡೆಯನ್ನು ನೋಡಿ, "ಮೇಲ್ಗಡೆ ಮಾತ್ರ ಬಣ್ಣದೋನು ಕೈ ಒರೆಸಿ ಹೋಗಿದ್ದಾನೆ. ಗೋಡೆಗೆ ದಡಾರ ಎದ್ದ ಹಾಗಿದೆ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಇದ್ದೆ, ಅವರು ನನ್ನ ಕಡೆ ತಿರುಗಿ, "ಹೇಳಿ ಮೇಡಮ್, ಇಲ್ಲಿ ಏನು ಕೆಲಸ ಆಗ್ಬೇಕು?" ಎಂದರು.

ಅವತ್ತು ಮಧ್ಯಾಹ್ನ ಅವರು ಕುರ್ಚಿಯ ತುದಿಯಲ್ಲಿ ಕಾಲು ಬಿಗಿಹಿಡಿದು ಕೂತಿದ್ದರು. ಬನ್ನಿ, ಬಾತ್‌ರೂಮಿಗೆ ಹೋಗಿ ಬನ್ನಿ ಎಂದೆ. ಬೇಡ ಎಂದು ತಲೆಯಾಡಿಸಿದರು. ಅಪ್ಪ, ಇದು ನಮ್ಮದೇ ಮನೆ ಎಂದೆ. "ಹಾಗೆ ಹೇಳೋದು ನಿಮ್ಮ ದೊಡ್ಡತನ ಮೇಡಮ್. ಆದ್ರೆ ನಮ್ಮ ಜೊತೆ ಬರೋರಿಗೆ ನಾನೇ ಬೇಡ ಅಂತ ಹೇಳಿರ್ತೀನಿ. ನಾನೇ ಹೋದ್ರೆ ಹೇಗೆ? ಹೊರಗಡೆ ಎಲ್ಲಾದ್ರೂ ಜಾಗ ಇದ್ರೆ ತೋರಿಸಿ."

ನಿನಗೆ ನೆನಪಿದೆಯಲ್ಲ, ಕೆಲಸ ಮಾಡುವ ಮನೆಯ ಬಾತ್‌ರೂಮನ್ನು ಅಪ್ಪ ನಲವತ್ತು ವರ್ಷ ಒಂದು ದಿನವೂ ಬಳಸಲಿಲ್ಲ. ತಾವೇ ಕಟ್ಟಿದ್ದಾದರೂ, ಓನರು ಒಂದು ಚೊಂಬು ನೀರು ಸುರಿಯುವ ಮುಂಚೆ ತಾವು ಕಾಲಿಡಬಾರದು ಎನ್ನುವುದು ಅವರ ಲೆಕ್ಕ. ಎಲ್ಲ ಮರೆತಿದ್ದಾರೆ. ಅಮ್ಮ ಹೋದದ್ದು ಮರೆತಿದ್ದಾರೆ, ನಿನ್ನ ಮದುವೆ ಮರೆತಿದ್ದಾರೆ. ಇದೊಂದು ಮಾತ್ರ ಮರೆತಿಲ್ಲ. ಆಸ್ಪತ್ರೆಗೆ ಹೋಗುವ ಮುಂಚಿನ ದಿನದವರೆಗೂ ಆ ಹಸಿರು ಗೋಡೆ ಹಿಡಿದುಕೊಂಡು ಶೌಚಕ್ಕೆ ಒಬ್ಬರೇ ಹೋಗಿ ಬರುತ್ತಿದ್ದರು. ಬಿಳಿ ಗೋಡೆ ಅವರಿಗೆ ಬೇರೆಯವರದು.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ, ಸಂಜೆ ಬಂದು ಒಂದು ಸಲ, ಕೈ ಹಿಡಿದು ಕೆಳಗಿಳಿಸಿ ಬಸ್ ನಿಲ್ದಾಣದ ಪಕ್ಕದ ಶೌಚಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಗಂಡಸರ ಕಡೆಯ ಬಾಗಿಲಲ್ಲಿ ಬೆನ್ನು ಹಾಕಿ ನಿಂತು ಕಾಯುತ್ತಿದ್ದೆ. ಸ್ನಾನವನ್ನು ಮಂಚದ ಮೇಲೇ ಬಟ್ಟೆ ಒದ್ದೆ ಮಾಡಿ ಒರೆಸಿ ಮುಗಿಸುತ್ತಿದ್ದೆ. ಹಗಲಲ್ಲಿ ಅವರು ಬಿಗಿಹಿಡಿದು ಕೂತಿರುತ್ತಿದ್ದರು. ನೀರು ಕೊಟ್ಟರೆ ಬೇಡ ಎನ್ನುತ್ತಿದ್ದರು, ಕುಡಿದರೆ ಹೋಗಬೇಕಾಗುತ್ತದಲ್ಲ. ಹತ್ತನೇ ದಿನ ಅವರ ಮೂತ್ರವನ್ನು ಲ್ಯಾಬಿಗೆ ತಂದು ನಾನೇ ಪರೀಕ್ಷೆ ಮಾಡಿದೆ. ಸೋಂಕು ಇತ್ತು. ವರದಿಗೆ ನಾನೇ ಸಹಿ ಹಾಕಿದೆ.

ಸೋಂಕಿಗೆ ಔಷಧಿ ಬರೆದ ಡಾಕ್ಟರರನ್ನು ಕೇಳಿದಾಗ, ಆಸ್ಪತ್ರೆಯಲ್ಲಿ ಇದ್ದು ಬಂದ ಮೇಲೆ ವಯಸ್ಸಾದವರಿಗೆ ಮರೆವು ಜಾಸ್ತಿಯಾಗುವುದುಂಟು ಎಂದರು. ನಾನು ಆ ಮಾತನ್ನು ಹಿಡಿದುಕೊಂಡೆ. ನಿನಗೂ ಅದನ್ನೇ ಹೇಳಿದೆ. ಬಣ್ಣದ ವಿಷಯ ಡಾಕ್ಟರಿಗೆ ಹೇಳಲಿಲ್ಲ. ಹೇಳಿದ್ದರೆ ಒಂದು ನಿಮಿಷದಲ್ಲಿ ಅವರಿಗೆ ಗೊತ್ತಾಗುತ್ತಿತ್ತು, ನನಗೆ ಗೊತ್ತಿದ್ದ ಹಾಗೆ.

ಈಗ ಅಪ್ಪ ಮಲಗಿದ್ದಾರೆ. ಮೂತ್ರಕ್ಕೆ ನಳಿಕೆ ಹಾಕಿರುವುದರಿಂದ ಆ ಒಂದು ಚಿಂತೆ ಅವರಿಗಿಲ್ಲ. ಮುಖ ಸಡಿಲವಾಗಿದೆ. ಬೆಳಿಗ್ಗೆ ಎಚ್ಚರವಾದಾಗ ಮಂಚದ ಪಕ್ಕದ ಗೋಡೆಯನ್ನು ಬಡಿದು ನೋಡಿ, "ಇದು ಟೊಳ್ಳು, ಒಂದು ವರ್ಷ ಬರಲ್ಲ" ಎಂದು ನರ್ಸಿಗೆ ಹೇಳಿದರು. ನರ್ಸು, ನೀವು ಅಷ್ಟರಲ್ಲಿ ಮನೆಗೆ ಹೋಗಿರ್ತೀರಿ ತಾತ, ಬಿಡಿ ಎಂದಳು. ಅವರು ನನ್ನನ್ನು ನೋಡಿ, ಮೇಡಮ್ ಯಾವಾಗ ಬಿಡ್ತಾರೋ ಎಂದರು.

ಕಳೆದ ವರ್ಷ ನೀನು ವೃದ್ಧಾಶ್ರಮದ ಮಾತೆತ್ತಿದಾಗ ನಾನು ನಿನಗೆ ಬೈದದ್ದು ನೆನಪಿದೆ. ನಾನು ಬದುಕಿರುವವರೆಗೂ ಅಪ್ಪ ತಾವು ಕಟ್ಟಿದ ಗೋಡೆಗಳ ಒಳಗೇ ಇರುತ್ತಾರೆ ಎಂದಿದ್ದೆ. ನಿನಗೆ ಎರಡು ಕೋಣೆ, ಅತ್ತೆ, ಮಗು. ನಿನ್ನನ್ನು ಕೇಳುವುದಿಲ್ಲ. ನೆಲಮಹಡಿಯಲ್ಲಿ ಬಾಡಿಗೆಮನೆ ಹುಡುಕಿದರೂ, ನಾನು ಕೆಲಸಕ್ಕೆ ಹೋದಾಗ ಇಂಥ ಕಾಲಿನವರನ್ನು ಎತ್ತಿ ಕೂರಿಸುವವರು ಯಾರು? ನಿನ್ನೆ ಮಧ್ಯಾಹ್ನ ವೃದ್ಧಾಶ್ರಮದ ಅರ್ಜಿ ತಂದೆ. ನನ್ನ ಸಹಿ ಹಾಕಿದ್ದೇನೆ. ನೀನು ಅವತ್ತು ಹೇಳಿದ್ದೇ ಸರಿಯಿತ್ತು ಎಂದು ಬರೆಯಲು ಕೈ ಬರುತ್ತಿಲ್ಲ, ಯಾಕೆಂದರೆ ಅವತ್ತು ಅದು ಸರಿಯಿರಲಿಲ್ಲ. ಅಪ್ಪ ಇನ್ನೂ ನಾಲ್ಕೈದು ವರ್ಷ ನಮ್ಮ ಮನೆಯಲ್ಲೇ ಇರಬಹುದಿತ್ತು. ಸರಿಯಾಗುವ ಹಾಗೆ ಮಾಡಿದವಳು ನಾನು.

ಮಗುವಿನ ಜ್ವರ ಬಿಟ್ಟಿರಬೇಕು ಎಂದುಕೊಂಡಿದ್ದೇನೆ. ಬಿಸಿನೀರು ಕುಡಿಸು.

ಇಂತಿ,
ನಿನ್ನ ಅಕ್ಕ

ತಾ.ಕ.: ಒಂದು ವಿಷಯ ಬಿಟ್ಟಿದ್ದೆ. ಮೇಲೆ ಬರೆಯಬೇಕಾಗಿತ್ತು, ಬರೆಯಲಿಲ್ಲ.

ಶನಿವಾರ ನಾನು ಮೂರು ಗಂಟೆಗೇ ಮನೆಗೆ ಬಂದೆ. ಬಾತ್‌ರೂಮಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಅಪ್ಪ ಅಡುಗೆಮನೆಯ ಚಾಕು ತೆಗೆದುಕೊಂಡು ನಲ್ಲಿಯ ಪಕ್ಕದ ಆರು ಟೈಲ್ಸಿನ ಬಣ್ಣ ಕೆರೆದುಹಾಕಿದ್ದರು. ಕಡು ಹಸಿರು ಕಾಣುತ್ತಿತ್ತು. ಒಬ್ಬರೇ ಸ್ನಾನ ಮಾಡಿ, ಟವೆಲ್ ಸುತ್ತಿಕೊಂಡು ಹೊರಗೆ ಬಂದು, "ದೊಡ್ಡವಳೇ, ಇದು ನಮ್ಮನೆ ಕಣೇ. ಯಾವನೋ ಮೇಲೆ ಬಳಿದುಬಿಟ್ಟಿದ್ದ" ಎಂದರು. ಎರಡು ವಾರದಲ್ಲಿ ಮೊದಲ ಸಲ ನನ್ನನ್ನು ದೊಡ್ಡವಳೇ ಎಂದದ್ದು. ನನ್ನ ಕಣ್ಣಿಗೆ ಬಿದ್ದದ್ದು ನೆಲದ ಮೇಲಿನ ಬಿಳಿ ಚೂರುಗಳು. ಮರುದಿನ ನೀನು ಮಗುವನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದೆ. ಅವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಚಾಕು ಎತ್ತಿಟ್ಟೆ. ಉಳಿದ ಬಣ್ಣ ಬೆರೆಸಿ ಆ ಆರು ಟೈಲ್ಸಿಗೆ ಮತ್ತೆ ಹಚ್ಚಿದೆ. ಭಾನುವಾರ ಬೆಳಿಗ್ಗೆ ಮಗುವಿಗೆ ಜ್ವರ ಎಂದು ನಿನ್ನ ಫೋನ್ ಬಂತು. ಅಷ್ಟು ಹೊತ್ತಿಗೆ ಅಪ್ಪ ಬಾತ್‌ರೂಮಿನ ಬಾಗಿಲಲ್ಲಿ ನಿಂತು ಒಳಗೆ ನೋಡಿ, ಕುರ್ಚಿಗೆ ವಾಪಸ್ ಹೋಗಿ ಕೂತಿದ್ದರು.

ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ಬೈದವಳೂ ಬಳಿದವಳೂ ನಾನು.

ವೃದ್ಧಾಶ್ರಮದ ನರ್ಸು ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಪ್ಪನನ್ನು ನೋಡಲು ಇಲ್ಲಿಗೆ ಬರುತ್ತಾರೆ. ಅರ್ಜಿಗೆ ಮಕ್ಕಳಿಬ್ಬರ ಸಹಿಯೂ ಬೇಕು. ನಿನ್ನ ಗುರುತಿನ ಚೀಟಿ ತೆಗೆದುಕೊಂಡು ಹತ್ತೂವರೆಗೆ ಎರಡನೇ ಮಹಡಿಗೆ ಬಾ.