ಹೆಜ್ಜೆಗೆರೆಯ ಮೇಲೆ ನನ್ನ ತಕರಾರು

ನರಗುಂದ
ಫೆಬ್ರವರಿ ೩೦, ೨೧೯೩

ರೋಹಿಣಿ ಅಜ್ಜಿ ಅವರಿಗೆ,

ಇಪ್ಪತ್ತೇಳು ವರ್ಷದ ನಿಮ್ಮನ್ನು ಅಜ್ಜಿ ಎಂದು ಕರೆದದ್ದಕ್ಕೆ ಕ್ಷಮೆಯಿರಲಿ. ನಾನು ಚಂದ್ರಲಾ, ನಿಮ್ಮ ಮಗಳ ಮೊಮ್ಮಗಳ ಮೊಮ್ಮಗಳು. ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ಫೆಬ್ರವರಿಗೂ ನಾವು ಮೂವತ್ತು ದಿನ ಕೊಟ್ಟಿದ್ದೇವೆ. ಎಲ್ಲವನ್ನೂ ಒಂದೇ ಅಳತೆಗೆ ತರುವ ಹುಚ್ಚು ನಮ್ಮ ಕಾಲದ್ದು. ಹಿಂದಿನವರಿಗೆ ಕಾಗದ ಕಳಿಸಲು ನಮಗೆ ಜೀವಮಾನದಲ್ಲಿ ಒಂದೇ ಅವಕಾಶ. ಜನ ಅದನ್ನು ಪ್ರೀತಿಯ ಮಾತಿಗೆ ಇಟ್ಟುಕೊಳ್ಳುತ್ತಾರೆ. ನಾನು ಜಗಳಕ್ಕೆ ಬಳಸುತ್ತಿದ್ದೇನೆ.

ನಮ್ಮಲ್ಲಿ ಮಗು ಹುಟ್ಟಿದ ದಿನವೇ ಅದರ ಕಾಲಿಗೆ ಕಾಲುದಾರ ಕಟ್ಟುತ್ತಾರೆ. ಮಗು ಎಷ್ಟು ಹೊತ್ತಿಗೆ ಮಗ್ಗುಲಾಯಿತು, ಎಷ್ಟು ಸಲ ಒದೆಯಿತು ಎಂಬುದನ್ನೆಲ್ಲ ಆ ದಾರ ಬರೆದುಕೊಳ್ಳುತ್ತದೆ. ನಡಿಗೆಯನ್ನು ಮಾತ್ರ ಕಣ್ಣಿನಿಂದ ಅಳೆಯುತ್ತಾರೆ; ತಿಂಗಳ ಮೊದಲ ಸೋಮವಾರ ಅಳತೆಗಾರ್ತಿ ಬಂದು ಪಡಸಾಲೆಯಲ್ಲಿ ಚಾಪೆ ಹಾಸುತ್ತಾಳೆ. ಚಾಪೆಯ ನಡುವೆ ಒಂದು ಕೆಂಪು ಗೆರೆ, ಅದೇ ಹೆಜ್ಜೆಗೆರೆ. ಹತ್ತು ತಿಂಗಳಾದ ಮಗು ಅದನ್ನು ನಡೆದು ದಾಟಬೇಕು. ಓಣಿಯ ಹೆಂಗಸರು ಬೆಲ್ಲ ಬೆರೆಸಿದ ಅಳ್ಳಿಟ್ಟು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಮಗು ದಾಟಿದರೆ ಹಂಚುತ್ತಾರೆ, ದಾಟದಿದ್ದರೆ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ. ಮೂರು ಸಲ ದಾಟದ ಮಗುವನ್ನು ತಿದ್ದುಮನೆಗೆ ಒಯ್ಯುತ್ತಾರೆ. ಅಲ್ಲಿ ಎಳೆಗೂಸುಗಳ ಸೊಂಟಕ್ಕೆ ಪಟ್ಟಿ ಬಿಗಿದು, ಸರಿಯುವ ನೆಲದ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಮೂರು ತಿಂಗಳು ತಾಯಿ ಆ ಕಡೆ ಸುಳಿಯುವಂತಿಲ್ಲ.

ನನ್ನ ಮಗಳು ಕಿನ್ನರಿಗೆ ಈಗ ಒಂದು ವರ್ಷ. ಎರಡು ಸಲ ಚಾಪೆಯ ಮೇಲೆ ಬಿಟ್ಟಾಗಲೂ ಅವಳು ಕುಂಡೆಯ ಮೇಲೆ ಸರಿಯುತ್ತಾ ಗೆರೆಯವರೆಗೆ ಹೋದಳು, ಅದನ್ನು ಉಗುರಿನಿಂದ ಕೆರೆದಳು, ನಕ್ಕಳು. ಅಳತೆಗಾರ್ತಿ ನಗಲಿಲ್ಲ. "ಎಲ್ಲಾ ಕೂಸುಗೋಳು ಹತ್ತಕ್ಕ ನಡೀತಾವ್ರಿ, ನಿಮ್ಮದಕ್ಕೇನ್ ಆಗೇತಿ?" ಎಂದಳು. ಗರ್ಭಿಣಿಯಾಗಿದ್ದಾಗ ಏನು ತಿಂದೆ, ಎಲ್ಲಿ ಎಡವಿದೆ ಎಂದು ದಿನಗಟ್ಟಲೆ ನನ್ನನ್ನೇ ಬೈದುಕೊಂಡೆ. ಆಮೇಲೆ ಸಿಟ್ಟು ಬಂತು. ಈ ಹತ್ತು ತಿಂಗಳು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ.

ನಿಮ್ಮಿಂದ ಬಂತು, ಅಜ್ಜಿ! ನಿಮ್ಮ ಕಾಲದ ತಾಯಂದಿರು ಮೊಬೈಲಿನಲ್ಲಿ ತುಂಬಿದ ಉತ್ತರಗಳನ್ನೇ ಸರಾಸರಿ ಮಾಡಿ ನಮ್ಮವರು ಈ ಗೆರೆ ಎಳೆದಿದ್ದಾರೆ. ನಿಮ್ಮ ಆ್ಯಪ್ ಕೇಳಿತ್ತು: ಮಗು ನಡೆಯುತ್ತಿದೆಯೇ? ನೀವು 'ಹೌದು, ಒಂಬತ್ತು ತಿಂಗಳಿಗೆ' ಎಂದು ಒತ್ತಿದಿರಿ. ಯಾಕೆಂದರೆ ನಿಮ್ಮ ನೆಗೆಣ್ಣಿ ತನ್ನ ಮಗ ಹತ್ತಕ್ಕೇ ನಡೆದ ಎಂದು ಮನೆಮಂದಿಯ ಗುಂಪಿನಲ್ಲಿ ಹಾಕಿದ್ದಳು. ಆದರೆ ನೀವು ತೆಗೆದ ವಿಡಿಯೋಗಳೂ ನಮ್ಮ ಬಳಿ ಉಳಿದಿವೆ. ಹದಿನಾಲ್ಕು ತಿಂಗಳಾದರೂ ನಿಮ್ಮ ಮಗಳು ಕುಂಡೆಯ ಮೇಲೇ ಸರಿಯುತ್ತಿದ್ದಾಳೆ, ಥೇಟ್ ನನ್ನ ಕಿನ್ನರಿ! ಹದಿನೇಳನೇ ತಿಂಗಳು, ಒಂದು ಮಧ್ಯಾಹ್ನ, ರೊಟ್ಟಿಯ ಚೂರಿಗಾಗಿ ಎದ್ದು ನಡೆಯುತ್ತಾಳೆ. ಆಮೇಲೆ ಆಕೆ ತೊಂಬತ್ತು ವರ್ಷ ನಡೆದಳು. ಏನೂ ಆಗಿರಲಿಲ್ಲ ಆಕೆಗೆ. ನಿಮ್ಮ ಹೆದರಿಕೆಯನ್ನು ನೀವು ಜಂಬದಿಂದ ಮುಚ್ಚಿದಿರಿ, ಅದರ ಶಿಕ್ಷೆಯನ್ನು ನಮ್ಮ ಕೂಸುಗಳು ಉಣ್ಣುತ್ತಿವೆ. ನಾಚಿಕೆಯಾಗುವುದಿಲ್ಲವೇ?

ನಾಳಿದ್ದು ಸೋಮವಾರ ಮೂರನೆಯ ಸಲ. ಅಳತೆಗಾರ್ತಿಯನ್ನು ಬೇಡಿಕೊಂಡರೆ ಕಣ್ಣು ಮುಚ್ಚಿಕೊಂಡು ಬರೆದುಕೊಳ್ಳುತ್ತಾಳಂತೆ. "ನಡೀತಾಳ ಅಂತ ಹೇಳಿಬಿಡವಾ, ಎಲ್ಲಾರೂ ಹಂಗ ಮಾಡತಾರ" ಎನ್ನುತ್ತಾರೆ ನನ್ನ ಅತ್ತೆ. ಹಾಗೆ ಮಾಡಿ ಮಾಡಿಯೇ ಗೆರೆ ಇಲ್ಲಿಗೆ ಬಂದಿದೆ. ನಾನೂ ಸುಳ್ಳು ಹೇಳಿದರೆ, ಎಲ್ಲ ಕೂಸುಗಳೂ ದಾಟುತ್ತಿವೆ ಎಂದು ಗೆರೆಯನ್ನು ಒಂಬತ್ತಕ್ಕೆ ಇಳಿಸಿ, ಮುಂದೆ ಇನ್ನಾವುದೋ ತಾಯಿಯ ಒಂಬತ್ತು ತಿಂಗಳ ಕೂಸನ್ನು ಎಳೆದೊಯ್ಯುತ್ತಾರೆ. ನಾನು ಹೇಳುವುದಿಲ್ಲ.

ನಾನು ಹೇಳಿದ್ದೆಲ್ಲ ನಿಮಗಿನ್ನೂ ಆಗಬೇಕಾದದ್ದು: ಈ ಕಾಗದ ತಲುಪುವ ದಿನ ನಿಮ್ಮ ಮಗಳಿಗೆ ಆಗಷ್ಟೇ ಒಂಬತ್ತು ತಿಂಗಳು ತುಂಬಿರುತ್ತದೆ. ಆ್ಯಪಿನ ಪ್ರಶ್ನೆ ನಿಮ್ಮೆದುರಿಗಿರುತ್ತದೆ. 'ಇಲ್ಲ' ಎಂದು ಒತ್ತಿ. ನೆಗೆಣ್ಣಿಗೂ ನಿಜ ಬರೆಯಲು ಹೇಳಿ, ನಿಮ್ಮ ಗೆಳತಿಯರಿಗೂ ಹೇಳಿ. ನಿಮ್ಮ ಮಗಳು ಮೊದಲ ಹೆಜ್ಜೆ ಇಟ್ಟಾಗ ಕಾವಲಿಯ ಮೇಲಿನ ರೊಟ್ಟಿ ಬಿಟ್ಟು ಓಡಿಬಂದು ನೋಡುವವರು ನೀವು. ನನ್ನ ಕಿನ್ನರಿಯ ಮೊದಲ ಹೆಜ್ಜೆಯನ್ನು ತಿದ್ದುಮನೆಯ ಯಾರೋ ಹೆಂಗಸು ನೋಡುತ್ತಾಳೆ. ಅದನ್ನು ನನಗೆ ವಾಪಸು ಕೊಡಿ.

ಚಂದ್ರಲಾ