ನನ್ನ ಕೈಯ ಮಜ್ಜಿಗೆ

ಮಾರ್ಚ್ 4, ಬೆಳಿಗ್ಗೆ
ಹತ್ತು ಜೀನ್ಸಿಗೆ ಜಿಪ್ ಕೂರಿಸಿ ಎದ್ದೆ. ಇವರದು ಇನ್ನೂ ಊಟವಾಗಿಲ್ಲ. ಅವ್ವ ತಟ್ಟೆ ಇಟ್ಟರೆ ಮುಖ ತಿರುಗಿಸುತ್ತಾರೆ. ತಿರುಪ್ಪೂರಿನ ಮೆಸ್ಸಿನಲ್ಲಿ ಅನ್ನಕ್ಕೆ ಮದ್ದು ಹಾಕುತ್ತಿದ್ದರಂತೆ... ರಾಯದುರ್ಗಕ್ಕೆ, ನನ್ನ ತವರಿಗೆ ಬಂದು ತಿಂಗಳಾಯಿತು, ಇನ್ನೂ ಅದೇ ಮಾತು. ನನ್ನ ಕೈಯದಾದರೆ ಮಾತ್ರ ಉಣ್ಣುತ್ತಾರೆ.

ಇವರು ಮಡಕಶಿರದಲ್ಲಿ ತೆಲುಗು ಮೀಡಿಯಂ ಓದಿದವರು. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಧೈರ್ಯವಾಗಿ ಬರೆಯುತ್ತೇನೆ.

ಮಾರ್ಚ್ 7
ಆಸ್ಪತ್ರೆ ಅಂದೆ, ಅಷ್ಟೇ. ಎರಡೂ ಕೈ ಮುಂದೆ ಚಾಚಿದರು. ಮಣಿಕಟ್ಟಿನಲ್ಲಿ ಕಲೆ. ಫ್ಯಾಕ್ಟರಿಯವರು ಒಯ್ದು ಸೇರಿಸಿ, ಹನ್ನೊಂದು ದಿನ ಮಂಚಕ್ಕೆ ಕಟ್ಟಿಸಿದ್ದರಂತೆ.
"ನನ್ನ ಮಾತು ಒಬ್ರಿಗೂ ತಿಳೀಲಿಲ್ಲ ಕಣೆ. ಬಿಡ್ರಪ್ಪಾ ಬಿಡ್ರಪ್ಪಾ ಅಂದ್ರೆ ಇನ್ನೊಂದು ಸೂಜಿ ಚುಚ್ಚೋರು. ಇನ್ನೊಂದ್ಸಲ ಕರ್ಕಂಡೋದ್ರೆ ಭೈರವಾನಿತಿಪ್ಪ ಡ್ಯಾಮಿಗೆ ಬೀಳ್ತೀನಿ."
ಮೆತ್ತಗೆ ಹೇಳಿದರು. ಅದಕ್ಕೇ ಹೆದರಿಕೆಯಾಯಿತು.

ಮಾರ್ಚ್ 10
ದಾರ ತರುತ್ತೇನೆಂದು ಸುಳ್ಳು ಹೇಳಿ, ಅವ್ವನ ಜೊತೆ ಬಳ್ಳಾರಿಗೆ ಹೋಗಿಬಂದೆ. ಮನಸ್ಸಿನ ಕಾಯಿಲೆಯ ಡಾಕ್ಟರ್ ಪುಟ್ಟ ಬಾಟಲಿ ಕೊಟ್ಟರು. ಬಣ್ಣವಿಲ್ಲ, ವಾಸನೆಯಿಲ್ಲ. ದಿನಾ ಹತ್ತು ಹನಿ. ಸುಧಾರಿಸಿದ ಮೇಲೆ ನೀವೇ ಹೇಳಿಬಿಡಿ ಎಂದರು. ಎಷ್ಟು ಸುಲಭ!
"ಮದ್ದು ಹಾಕಾಕತ್ತೀಯೇನು ಗಂಡಗ? ಔಷಧ ಐತಿ. ಸುಮ್ನ ಹಾಕು," ಎಂದಳು ಅವ್ವ.
ಮಜ್ಜಿಗೆಗೆ ಹಾಕಿದೆ. ಗಟಗಟ ಕುಡಿದು, "ಇನ್ನೊಂದಿಷ್ಟು ಐತಾ?" ಅಂದರು. ಹಿತ್ತಲಿಗೆ ಹೋಗಿ ಅತ್ತೆ.

ಏಪ್ರಿಲ್ 2
ನಿದ್ದೆ ಮಾಡುತ್ತಿದ್ದಾರೆ. ಗೊರಕೆ ಬೇರೆ!

ಮೇ 19
ಹೊಲಿಗೆ ಮಷಿನ್ ಮುಂದೆ ಕೂತರು. ನನ್ನ ಹೊಲಿಗೆ ನೋಡಿ, "ಇದೇನೇ, ಎತ್ತು ಉಚ್ಚೆ ಹೊಯ್ದಂಗೆ ಐತೆ!" ಬೈಸಿಕೊಂಡು ಇಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ಅವ್ವ ಕೊಟ್ಟ ರೊಟ್ಟಿಯನ್ನೂ ತಿಂದರು. ಇವತ್ತು ಹೇಳಬೇಕೆಂದಿದ್ದೆ... ಮನಸ್ಸಾಗಲಿಲ್ಲ. ನಾಳೆ ನೋಡೋಣ.

ಜೂನ್ 11
ಹುಲುಗಪ್ಪನ ಫೋನ್ — ಇವರ ಜೊತೆ ತಿರುಪ್ಪೂರಿನಲ್ಲಿದ್ದ ಟೈಲರ್. ಅಲ್ಲೇ ಬೇರೆ ಯೂನಿಟ್, ಕಟಿಂಗ್ ಮಾಸ್ಟರ್ ಕೆಲಸವಂತೆ. ಇವರು ನಾಡಿದ್ದು ಹೊರಡುತ್ತಾರೆ. ನಾನೂ ಬರುತ್ತೇನೆ ಅಂದೆ. ಒಂದೇ ರೂಮು, ಆರು ಜನ ಗಂಡಸರು ಅಂದರು.

ಅಲ್ಲಿ ಹನಿ ಹಾಕುವವರು ಯಾರು? ನಿಲ್ಲಿಸಿದರೆ ಮತ್ತೆ ಬರುತ್ತದೆ ಎಂದಿದ್ದಾರೆ ಡಾಕ್ಟರ್. ಹೇಳಿದರೆ ಈ ಜನ್ಮದಲ್ಲಿ ನನ್ನ ಕೈಯಿಂದ ಉಣ್ಣಲಿಕ್ಕಿಲ್ಲ. ಹೇಳದಿದ್ದರೆ ಮತ್ತೆ ಆ ಮಂಚ. ನೇಮಕಲ್ಲು ಆಂಜನೇಯಾ, ನೀನೇ ದಾರಿ ತೋರಿಸಪ್ಪ.

ಜೂನ್ 13, ಮಧ್ಯಾಹ್ನ 3
ಐದಕ್ಕೆ ಬಸ್. ಬ್ಯಾಗು ಕಟ್ಟಿಯಾಯಿತು. ಪಕ್ಕದಲ್ಲಿ ಬಂದು ಕೂತರು.
"ನನ್ನ ಉಳಿಸಿದ್ದು ನಿನ್ನ ಮಜ್ಜಿಗೇನೇ ಕಣೆ. ಅಲ್ಲೂ ಮಾಡ್ಕಂಡು ಕುಡೀತೀನಿ. ಏನೇನ್ ಹಾಕ್ತೀಯಾ, ಒಂದೂ ಬಿಡ್ದಂಗೆ ತೆಲುಗಲ್ಲಿ ಬರ್ಕೊಡು."
ಈ ಡೈರಿಯಿಂದಲೇ ಒಂದು ಹಾಳೆ ಹರಿದು ಬರೆದೆ. ಪೆರುಗು. ನೀಳ್ಳು. ಉಪ್ಪು. ಜೀಲಕರ್ರ. ಕರಿವೇಪಾಕು.
ಓದಿದರು. "ಇಷ್ಟೇನಾ?"
ಇನ್ನೊಂದಿದೆ ಅಂದೆ. ಹಾಳೆ ನನ್ನ ಮುಂದಿಟ್ಟು ಕಾಯುತ್ತಿದ್ದಾರೆ. ನಮ್ಮ ಕಡೆಯ ಕನ್ನಡದಲ್ಲಾದರೆ ಔಷಧ ಬೇರೆ, ಕೇಡಿಗೆ ಹಾಕುವ ಮದ್ದು ಬೇರೆ. ತೆಲುಗಿನಲ್ಲಿ ನಾವು ಎರಡಕ್ಕೂ ಮಂದು ಅಂತಲೇ ಅನ್ನುವುದು. ಬೇರೆ ಮಾತು ಹೊಳೆಯುತ್ತಿಲ್ಲ. ಅಲ್ಲಿ ಬರೆಯುವ ಮೊದಲು ದಿನಾ ಹತ್ತು ಹನಿ ಅನ್ನುವುದನ್ನು ಇಲ್ಲಿ ಬರೆದು ನೋಡುತ್ತೇನೆ... ನನ್ನ ಮುಖವನ್ನೇ ನೋಡುತ್ತಿದ್ದಾರೆ. ರೋಜುಕು ಪದಿ ಚುಕ್ಕಲು, ಮಂ